ಜಗದ್ವ್ಯಾಪಿಯಾದ ಅರ್ಥಸಂಕಟವೂ ಮಾರುಕಟ್ಟೆಯ ಭವಿಷ್ಯಾನುಮಾನವೂ

ಅರ್ಥಶಬ್ದಕ್ಕೆ ಅಭಿಧೇಯ, ಧನ, ವಸ್ತು, ಪ್ರಯೋಜನ, ನಿವೃತ್ತಿ ಎಂಬ ಐದು ಅರ್ಥಗಳನ್ನು ಅಮರಸಿಂಹನು ಹೇಳಿರುವನಷ್ಟೆ. ಸಾಹಿತ್ಯಪಾಠವನ್ನೇ ವೃತ್ತಿಯಾಗಿ ಉಳ್ಳ ನಮ್ಮಂಥವರು ಇವುಗಳಲ್ಲಿ ಮೊದಲನೆಯದರ ವಿಚಾರದಲ್ಲಿಯೇ ಆಯುಷ್ಯವನ್ನು ಕಳೆದು, ಎರಡನೆಯದನ್ನು ವರ್ತಕರಿಗೂ ಬ್ಯಾಂಕಿನವರಿಗೂ ಬಿಟ್ಟುಕೊಟ್ಟಿದ್ದೇವೆ. ಆದರೆ ೨೦೦೮ನೆಯ ಇಸವಿಯಲ್ಲಿ ಅಮೆರಿಕಾ ದೇಶದಲ್ಲಿ ತಲೆದೋರಿ ಲೋಕವನ್ನೆಲ್ಲ ಸುತ್ತಿದ ಅರ್ಥಸಂಕಟವನ್ನು ಸಮಾಧಾನದಿಂದ ಪರಿಶೀಲಿಸಿದರೆ, ಅದರ ಮೂಲವು ಬಹುಮಟ್ಟಿಗೆ ಶಬ್ದಗಳ ದುರುಪಯೋಗದಲ್ಲಿಯೂ ಅನುಮಾನದ ದೋಷಗಳಲ್ಲಿಯೂ ಇದ್ದಿತೆಂದು ತೋರುತ್ತದೆ. ಅಂದಮೇಲೆ ಅದು ನಮ್ಮ ಶಾಸ್ತ್ರಗಳ ಎಲ್ಲೆಗೆ ಹೊರಗಾದ ವಿಷಯವಲ್ಲ. ವ್ಯವಹಾರಶಾಸ್ತ್ರದ ಪರಿಭಾಷೆಯಿಂದಲೂ ನ್ಯಾಯಶಾಸ್ತ್ರದ ಪರಿಭಾಷೆಯಿಂದಲೂ ಆ ಸಂಕಟವನ್ನೂ, ಅದರ ತರುವಾಯ ಪಂಡಿತರು ಮಾರುಕಟ್ಟೆಗೆ ಹೇಳಿದ ಭವಿಷ್ಯವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಈ ವಿಷಯಕ್ಕೆ ಕೈಹಾಕಲು ನನಗೆ ಸ್ವಂತವಾದ ಕಾರಣವೂ ಒಂದುಂಟು. ನಾನು ಪಾಠ ಹೇಳುತ್ತಿದ್ದ ಒಂದು ಸಂಸ್ಕೃತ ಪಾಠಶಾಲೆಗೆ ದಾನಿಗಳು ಕೂಡಿಸಿಕೊಟ್ಟ ೯ ಲಕ್ಷ ರೂಪಾಯಿಗಳ ಅಕ್ಷಯನಿಧಿಯಿದ್ದಿತು. ಅದರ ಬಡ್ಡಿಯಿಂದ ಆರು ಮಂದಿ ವಿದ್ಯಾರ್ಥಿಗಳಿಗೆ ವೇತನ ಸಲ್ಲುತ್ತಿತ್ತು. ೨೦೦೭ನೆಯ ಡಿಸೆಂಬರಿನಲ್ಲಿ, ಬ್ಯಾಂಕಿನ ಬಡ್ಡಿಯು ಸಾಲದೆಂಬ ಮಾತಿಗೆ ಒಪ್ಪಿ, ಅದರಲ್ಲಿ ೬ ಲಕ್ಷವನ್ನು ಷೇರುಗಳ ನಿಧಿಯೊಂದರಲ್ಲಿ ತೊಡಗಿಸಿದೆವು. ನಿರ್ಣಯಪುಸ್ತಕದಲ್ಲಿ ನನ್ನ ರುಜುವೂ ಇದೆ. ಮುಂದಿನ ಸಂಗತಿಯನ್ನು ಅದರ ಸ್ಥಾನದಲ್ಲಿ ಹೇಳುವೆನು.

ಮೊದಲು ಶಬ್ದಗಳ ವಿಚಾರ. ಸಾಲಕ್ಕೆ ಆಧಾರವಾದ ನಂಬಿಕೆಯನ್ನು ಪಾಶ್ಚಾತ್ಯರು ಕ್ರೆಡಿಟ್ ಎನ್ನುವರು. ಇದು ನಂಬು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಆ ಲ್ಯಾಟಿನ್ ಧಾತುವೂ ನಮ್ಮ ಶ್ರದ್ಧಾಶಬ್ದವೂ ಒಂದೇ ಮೂಲದಿಂದ ಹುಟ್ಟಿದುವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಯಜ್ಞಕ್ಕೆ ಯಾವುದು ಮೂಲವೋ ವಾಣಿಜ್ಯಕ್ಕೂ ಅದೇ ಮೂಲವೆಂಬುದು ಆಶ್ಚರ್ಯಕರವಾದರೂ ನಿಜ. ಮನೆಯನ್ನು ಅಡವಿಟ್ಟು ಸಾಲ ಪಡೆಯುವುದಕ್ಕೆ ಇಂಗ್ಲಿಷಿನಲ್ಲಿ ಮಾರ್ಟ್‌ಗೇಜ್ ಎಂದು ಹೆಸರು. ಹಳೆಯ ಫ್ರೆಂಚಿನಲ್ಲಿ ಆ ಪದಕ್ಕೆ ಸತ್ತ ಅಡವು ಎಂದರ್ಥ. ನಮ್ಮ ಸ್ಮೃತಿಗಳ ಆಧಿಯು ಅದೇ ವಸ್ತು. ಬ್ಯಾಂಕ್ರಪ್ಟ್ ಎಂಬುದಕ್ಕೆ ಇಟಲಿಯ ಭಾಷೆಯಲ್ಲಿ ಮುರಿದ ಮಣೆಯೆಂಬ ವ್ಯುತ್ಪತ್ತಿಯನ್ನು ಹೇಳುವರು. ನಮ್ಮಲ್ಲಿ ದಿವಾಳಿಯೆದ್ದ ಶೆಟ್ಟಿಯು ಹಾಡುಹಗಲಲ್ಲಿ ಅಂಗಡಿಯಲ್ಲಿ ದೀಪ ಹಚ್ಚುತ್ತಿದ್ದನೆಂದು ಹೇಳುವುದುಂಟು. ಮಣೆಯನ್ನು ಮುರಿಯುವುದಕ್ಕಿಂತ ದೀಪವನ್ನು ಹಚ್ಚುವುದು ಸಭ್ಯವಾದ ಪದ್ಧತಿಯೆಂದು ನನ್ನ ಅಭಿಪ್ರಾಯ, ಅದು ಹಾಗಿರಲಿ.

ಇನ್ನು ಸಂಕಟದ ಸ್ವರೂಪ. ಅಮೆರಿಕಾದ ಕೇಂದ್ರಬ್ಯಾಂಕಾದ ಫೆಡರಲ್ ರಿಸರ್ವು ೨೦೦೩ನೆಯ ಜೂನಿನಲ್ಲಿ ತನ್ನ ಬಡ್ಡಿಯ ದರವನ್ನು ಶೇಕಡಾ ೧ಕ್ಕೆ ಇಳಿಸಿ ಒಂದು ವರ್ಷ ಅಲ್ಲಿಯೇ ನಿಲ್ಲಿಸಿತು. ಹಣವು ಅಗ್ಗವಾದುದರಿಂದ ಮನೆಸಾಲವನ್ನು ಕೊಡುವುದಕ್ಕೂ ಕೊಳ್ಳುವುದಕ್ಕೂ ನೂಕುನುಗ್ಗಲಾಯಿತು. ನಿಲುಕುವ ವರಮಾನವಿಲ್ಲದವರಿಗೂ, ವರಮಾನದ ಪತ್ರವನ್ನೇ ಕೇಳದೆ, ಸಾಲ ದೊರೆಯಿತು. ಇಂಥ ಕೆಳದರ್ಜೆಯ ಸಾಲಗಳಲ್ಲಿ ಬಹುಸಂಖ್ಯೆಯವು ಮೊದಲೆರಡು ವರ್ಷ ಕಡಮೆ ಬಡ್ಡಿಯವಾಗಿದ್ದು ಆಮೇಲೆ ದರವು ಏರತಕ್ಕವಾಗಿದ್ದುವು. ಮತ್ತೊಂದು ಬಗೆಯಲ್ಲಿ ಋಣಿಯು ತಿಂಗಳ ಬಡ್ಡಿಯನ್ನೂ ಪೂರ್ತಿ ಕೊಡಬೇಕಾಗಿರಲಿಲ್ಲ. ಕೊಡದೆ ಉಳಿದುದು ಮೂಲಧನಕ್ಕೆ ಸೇರಿಹೋಗುತ್ತಿತ್ತು. ನಾರದನು ವೃದ್ಧಿಯನ್ನು ಕಾಯಿಕಾ, ಕಾಲಿಕಾ, ಕಾರಿತಾ, ಚಕ್ರವೃದ್ಧಿ ಎಂದು ನಾಲ್ಕಾಗಿ ವಿಂಗಡಿಸಿರುವನು. ಬೃಹಸ್ಪತಿಯು ಇವುಗಳಿಗೆ ಶಿಖಾವೃದ್ಧಿಯನ್ನೂ ಭೋಗಲಾಭವನ್ನೂ ಸೇರಿಸಿ ಆರೆನ್ನುವನು. ಶಿಖಾವೃದ್ಧಿಯೆಂದರೆ ತಲೆಯ ಕೂದಲಿನಂತೆ ದಿನದಿನವೂ ಬೆಳೆಯುವ ಬಡ್ಡಿ. ತಲೆ ಹೋದಲ್ಲದೆ ಅದು ನಿಲ್ಲದು. ಈ ವಿಂಗಡಣೆಯನ್ನು ಓದಿಕೊಂಡವನಿಗೆ ಅಮೆರಿಕಾದ ಸಾಲಪತ್ರಗಳಲ್ಲಿ ಹೊಸದಾಗಿ ಕಾಣತಕ್ಕದ್ದು ಹೆಚ್ಚೇನೂ ಇಲ್ಲ.

ವ್ಯತ್ಯಾಸವಿರುವುದು ಮಿತಿಯಲ್ಲಿ. ಒಂದೇ ಬಾರಿಗೆ ಸಲ್ಲಿಸುವ ಬಡ್ಡಿಯು ಅಸಲಿನ ಇಮ್ಮಡಿಯನ್ನು ಮೀರಲಾಗದೆಂದು ಮನುವು ವಿಧಿಸಿದನು. ದಾಮದುಪಟವೆಂಬ ಹೆಸರಿನಿಂದ ಈ ನಿಯಮವು ಮುಂಬಯಿ ಪ್ರಾಂತದ ನ್ಯಾಯಸ್ಥಾನಗಳಲ್ಲಿ ಇಂಗ್ಲಿಷರ ಕಾಲದಲ್ಲಿಯೂ ನಡೆಯಿತು. ಯಾಜ್ಞವಲ್ಕ್ಯನು ಅಡವುಳ್ಳ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗವನ್ನೂ, ಕಾಡುದಾರಿಯಲ್ಲಿ ವ್ಯಾಪಾರ ಮಾಡುವವನಿಗೆ ನೂರಕ್ಕೆ ಹತ್ತನ್ನೂ, ಸಮುದ್ರಯಾನದವನಿಗೆ ಇಪ್ಪತ್ತನ್ನೂ ಬಡ್ಡಿಯಾಗಿ ಹೇಳಿದನು. ಅಪಾಯ ಹೆಚ್ಚಿದಂತೆ ಬಡ್ಡಿಯೂ ಹೆಚ್ಚತಕ್ಕದ್ದೆಂಬುದು ಇದರ ತಾತ್ಪರ್ಯ. ಈ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯರ ಕಲ್ಯಾಣದಲ್ಲಿದ್ದವನು. ಅಲ್ಲಿನ ವರ್ತಕರ ವ್ಯವಹಾರವನ್ನು ಅವನು ಕಣ್ಣಾರೆ ಕಂಡಿರಬೇಕು. ಅಯ್ಯಾವೊಳೆಯ ಐನೂರ್ವರ ಶಾಸನಗಳನ್ನು ನೋಡಿದವರಿಗೆ ಆ ಕಾಲದ ವಾಣಿಜ್ಯದ ಹರವು ತಿಳಿದೇ ಇದೆ. ಅಮೆರಿಕಾದಲ್ಲಾದರೋ ೨೦೦೪ರಿಂದೀಚೆಗೆ ಕಾಡುದಾರಿಯವನಿಗೂ ಊರೊಳಗಿನವನಿಗೂ ಹೆಚ್ಚು ಭೇದವಿಲ್ಲದೆ ಸಾಲ ಕೊಟ್ಟರು. ಸಮುದ್ರಯಾನದ ಅಪಾಯವನ್ನು ಅಡವಿನ ಸಾಲದ ಬಡ್ಡಿಗೆ ವಹಿಸಿಕೊಂಡರು.

ಇಷ್ಟು ಧೈರ್ಯ ಹೇಗೆ ಬಂದಿತು? ಸಾಲ ಕೊಟ್ಟವನು ಸಾಲಪತ್ರವನ್ನು ತನ್ನಲ್ಲಿ ಇಟ್ಟುಕೊಳ್ಳದೆ ಮಾರಿಬಿಡುತ್ತಿದ್ದುದರಿಂದ. ಕೊಂಡ ಬ್ಯಾಂಕು ಅಂಥ ಸಾವಿರಾರು ಪತ್ರಗಳನ್ನು ಒಂದು ರಾಶಿ ಮಾಡಿ, ಆ ರಾಶಿಯಿಂದ ಬರುವ ಹಣವನ್ನು ಮೇಲು, ನಡು, ಕೆಳಗು ಎಂದು ಸ್ತರಗಳಾಗಿ ಕತ್ತರಿಸಿ, ಹೊಸ ಪತ್ರಗಳನ್ನು ಹುಟ್ಟಿಸಿ ಜಗತ್ತಿಗೆಲ್ಲ ಮಾರಿತು. ನಷ್ಟ ಬಂದರೆ ಮೊದಲು ಕೆಳಗಿನ ಸ್ತರಕ್ಕೆ ತಗಲುವುದು, ಮೇಲಿನದು ನಿರಪಾಯ ಎಂಬುದು ಹಂಚಿಕೆ. ಮಾರಿ ಉಳಿದ ನಡುಸ್ತರಗಳನ್ನೇ ಮತ್ತೊಮ್ಮೆ ರಾಶಿ ಮಾಡಿ ಅದರಲ್ಲಿಯೂ ಒಂದು ಮೇಲುಸ್ತರವನ್ನು ಕಲ್ಪಿಸಿದರು. ಮಜ್ಜಿಗೆಯನ್ನು ಎರಡನೆಯ ಸಲ ಕಡೆದು ಬಂದ ನೊರೆಗೆ ಬೆಣ್ಣೆಯೆಂದು ಹೆಸರಿಟ್ಟಂತಾಯಿತು. ಭೋಗಕ್ಕಾಗಿ ಇಟ್ಟ ಆಧಿಯನ್ನು ಎಷ್ಟು ಕಾಲವಾದರೂ ಕೊಡಲಾಗದು, ಮಾರಲಾಗದು ಎಂಬ ಮನುವಿನ ನಿಷೇಧಕ್ಕೆ ಇಂದಿನ ಮಾರುಕಟ್ಟೆಯಲ್ಲಿ ಎಡೆಯಿಲ್ಲವೆಂದು ಬಲ್ಲೆನು. ಆದರೆ ಆ ನಿಷೇಧದ ಹಿಂದಿನ ಯುಕ್ತಿಯನ್ನು ಮಾತ್ರ ಬಿಡತಕ್ಕದ್ದಲ್ಲ. ಸಾಲ ಕೊಟ್ಟವನಿಗೂ ಕೊಂಡವನಿಗೂ ಇರುವ ಮುಖಪರಿಚಯವೇ ಸಾಲದ ಕಾವಲು. ಪತ್ರವು ಕೈಯಿಂದ ಕೈಗೆ ಹೋಗುತ್ತ ಋಣಿಯ ಮುಖವನ್ನು ಕಂಡವನು ಯಾವನೂ ಉಳಿಯದೆ ಹೋದಾಗ ಶ್ರದ್ಧೆಯ ಸ್ಥಾನದಲ್ಲಿ ಬೇರೇನನ್ನಾದರೂ ನಿಲ್ಲಿಸಬೇಕಾಗುವುದು.

ಹಾಗೆ ನಿಲ್ಲಿಸಿದುದು ಪ್ರತಿಭೂಗಳನ್ನು, ಅಂದರೆ ಹೊಣೆಗಾರರನ್ನು. ಯಾಜ್ಞವಲ್ಕ್ಯನ ಮತದಲ್ಲಿ ಹೊಣೆಯು ಮೂರು ಬಗೆ: ದರ್ಶನ, ಪ್ರತ್ಯಯ, ದಾನ. ಕರೆದಾಗ ಇವನನ್ನು ತಂದು ತೋರಿಸುವೆನೆಂಬುದು ಮೊದಲನೆಯದು. ಇವನು ನಂಬತಕ್ಕವನು, ನನ್ನ ಮಾತಿನ ಮೇಲೆ ಕೊಡು ಎಂಬುದು ಎರಡನೆಯದು. ಇವನು ಕೊಡದಿದ್ದರೆ ನಾನು ಕೊಡುವೆನೆಂಬುದು ಮೂರನೆಯದು. ಮೊದಲೆರಡು ಮಾತು ಸುಳ್ಳಾದರೆ ಹೊಣೆಗಾರನಿಂದಲೇ ಹಣವನ್ನು ಕೊಡಿಸತಕ್ಕದ್ದು. ಮೂರನೆಯದರಲ್ಲಿ ಅವನು ಸತ್ತರೆ ಮಕ್ಕಳಿಂದಲೂ ಕೊಡಿಸತಕ್ಕದ್ದು. ಅಮೆರಿಕಾದಲ್ಲಿ ಪತ್ರಗಳಿಗೆ ದರ್ಜೆಯನ್ನು ಕಟ್ಟುವ ಮೂಡೀಸ್, ಸ್ಟಾಂಡರ್ಡ್ ಅಂಡ್ ಪೂರ್ಸ್ ಮೊದಲಾದ ಸಂಸ್ಥೆಗಳು ಪ್ರತ್ಯಯಪ್ರತಿಭೂಗಳೇ ಸರಿ. ಅವು ಈ ರಾಶಿಗಳ ಮೇಲುಸ್ತರಕ್ಕೆ ಅತ್ಯುತ್ತಮವೆಂಬ ಮುದ್ರೆಯನ್ನೊತ್ತಿದುವು. ಆದರೆ ಮಾತು ಸುಳ್ಳಾದರೆ ತೆರತಕ್ಕ ಭಾರವು ಅವುಗಳಿಗೆ ಇರಲಿಲ್ಲ. ತಮ್ಮದು ಕೇವಲ ಅಭಿಪ್ರಾಯವೆಂದು ವಾದಿಸಿದುವು. ಮುದ್ರೆಯ ಕೂಲಿಯನ್ನು ಕೊಡುತ್ತಿದ್ದವರೂ ಪತ್ರವನ್ನು ಮಾರುವವರೇ. ಬಹುಕಾಲದ ಮೇಲೆ, ೨೦೧೫ರಲ್ಲಿ ಒಂದು ಸಂಸ್ಥೆಯು ೧೩೭ ಕೋಟಿ ಡಾಲರಿಗೂ ಮೇಲ್ಪಟ್ಟು, ೨೦೧೭ರಲ್ಲಿ ಇನ್ನೊಂದು ೮೬ ಕೋಟಿ ಡಾಲರಿಗೂ ಮೇಲ್ಪಟ್ಟು ಸರ್ಕಾರಗಳಿಗೆ ತೆತ್ತು ರಾಜಿಯಾದುವು. ದಾನಪ್ರತಿಭೂವಿನ ಪಾತ್ರವನ್ನು ಎ. ಐ. ಜಿ. ಎಂಬ ವಿಮಾಸಂಸ್ಥೆಯು ವಹಿಸಿತು. ಪತ್ರವು ಕೆಟ್ಟರೆ ನಾನು ಕೊಡುವೆನೆಂದು ಅದು ಕೂಲಿಗೆ ಹೊಣೆನಿಂತಿತು, ಆದರೆ ಕೊಡುವುದಕ್ಕೆ ಬೇಕಾದ ಹಣವನ್ನು ತೆಗೆದಿಡಲಿಲ್ಲ. ಕೊನೆಗೆ ೨೦೦೮ನೆಯ ಸೆಪ್ಟೆಂಬರು ೧೬ರಂದು ಫೆಡರಲ್ ರಿಸರ್ವು ಅದಕ್ಕೆ ೮೫೦೦ ಕೋಟಿ ಡಾಲರುಗಳ ಸಾಲವನ್ನು ಕೊಟ್ಟು ಎತ್ತಿಹಿಡಿಯಬೇಕಾಯಿತು. ಹೊಣೆಗಾರನಿಗೆ ರಾಜ್ಯವೇ ಹೊಣೆಯಾಯಿತು.

ಇಲ್ಲಿಗೆ ವ್ಯವಹಾರಶಾಸ್ತ್ರದ ಮಾತು ಸಾಕು. ವಿಚಾರದ ತಿರುಳಿರುವುದು ನ್ಯಾಯಶಾಸ್ತ್ರದಲ್ಲಿ.

ಹೊಗೆಯಿದ್ದಲ್ಲಿ ಬೆಂಕಿಯೆಂಬ ವ್ಯಾಪ್ತಿಯು ನಿರ್ದುಷ್ಟವಾದುದು. ಇದನ್ನು ತಿರುಗಿಸಿ, ಬೆಂಕಿಯಿದ್ದಲ್ಲಿ ಹೊಗೆಯೆಂದರೆ ವ್ಯಾಪ್ತಿಯು ಕೆಡುತ್ತದೆ. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿಸೌದೆಯ ಸಂಬಂಧವಿದ್ದರೆ ಮಾತ್ರ ಬೆಂಕಿಯು ಹೊಗೆಯನ್ನು ಕೊಡುತ್ತದೆ. ಈ ಹಸಿಸೌದೆಯ ಸಂಬಂಧಕ್ಕೆ ಉಪಾಧಿಯೆಂದು ಹೆಸರು: ಸಾಧ್ಯವಿರುವ ಎಡೆಯಲ್ಲೆಲ್ಲ ಇರುವುದು, ಸಾಧನವಿರುವ ಎಡೆಯಲ್ಲೆಲ್ಲ ಇಲ್ಲದುದು. ಅಡಿಗೆಮನೆಯನ್ನು ಮಾತ್ರ ಕಂಡವನಿಗೆ, ಅಲ್ಲಿ ಸೌದೆಯು ಯಾವಾಗಲೂ ಹಸಿಯಾಗಿಯೇ ಇದ್ದರೆ, ಉಪಾಧಿಯು ಕಣ್ಣಿಗೆ ಬೀಳುವುದೇ ಇಲ್ಲ.

ಅಮೆರಿಕಾದ ಗಣಿತಜ್ಞರು ಹೇಳಿದ ವ್ಯಾಪ್ತಿಯು ಇದು: ಮನೆಸಾಲ ಕೊಂಡವನು ಸಾಲವನ್ನು ತೀರಿಸುತ್ತಾನೆ, ತಪ್ಪುವವರು ನೂರರಲ್ಲಿ ಕೆಲವರೇ. ಇದಕ್ಕೆ ಹತ್ತಾರು ವರ್ಷಗಳ ಲೆಕ್ಕಪತ್ರದ ಪ್ರಮಾಣವಿದ್ದಿತು. ಆದರೆ ಆ ವರ್ಷಗಳಲ್ಲೆಲ್ಲ ಮನೆಗಳ ಬೆಲೆ ಏರುತ್ತಲೇ ಇದ್ದಿತು. ತೀರಿಸಲಾರದವನು ಬೆಲೆಯೇರಿದ ಮನೆಯನ್ನು ಮಾರಿಯೋ, ಅದೇ ಮನೆಯ ಮೇಲೆ ಹೆಚ್ಚಿನ ಹೊಸ ಸಾಲವನ್ನೆತ್ತಿಯೋ ಹಳೆಯದನ್ನು ತೀರಿಸಿಬಿಡುತ್ತಿದ್ದನು. ಎಂದರೆ ಸಾಲ ತೀರುತ್ತಿದ್ದುದು ಋಣಿಯ ಶಕ್ತಿಯಿಂದಲ್ಲ, ಬೆಲೆಯ ಏರಿಕೆಯಿಂದ. ಬೆಲೆಯ ಏರಿಕೆಯೇ ಇಲ್ಲಿ ಹಸಿಸೌದೆ. ೧೯೩೦ರ ದಶಕದಿಂದೀಚೆಗೆ ಅಮೆರಿಕಾದಲ್ಲಿ ದೇಶದಾದ್ಯಂತ ಒಂದೇ ಕಾಲಕ್ಕೆ ಮನೆಬೆಲೆಯು ದೊಡ್ಡದಾಗಿ ಬಿದ್ದುದಿರಲಿಲ್ಲವಾದುದರಿಂದ ಕಬ್ಬಿಣದ ಗುಂಡನ್ನು ಯಾರೂ ಕಂಡಿರಲಿಲ್ಲ.

ಇದರ ಮೇಲೆ ಅನ್ಯೋನ್ಯಾಶ್ರಯ. ಸಾಲವನ್ನೇಕೆ ಕೊಡುತ್ತೀರಿ ಎಂದರೆ ಬೆಲೆ ಏರುತ್ತಿದೆ ಎನ್ನುವರು. ಬೆಲೆಯೇಕೆ ಏರುತ್ತಿದೆ ಎಂದರೆ ಸಾಲ ದೊರೆಯುತ್ತಿದೆ ಎನ್ನುವರು. ತರ್ಕದಲ್ಲಿ ಅನ್ಯೋನ್ಯಾಶ್ರಯವು ಏನನ್ನೂ ಸಾಧಿಸದೆ ನಿಂತಲ್ಲಿಯೇ ನಿಲ್ಲುತ್ತದೆ. ಮಾರುಕಟ್ಟೆಯಲ್ಲಾದರೋ ಅದು ಕೆಲವು ವರ್ಷ ಎರಡನ್ನೂ ಮೇಲಕ್ಕೆತ್ತಿ, ಒಂದು ಸಡಿಲಿದೊಡನೆ ಎರಡನ್ನೂ ಕೆಳಗಿಳಿಸುತ್ತದೆ. ಈ ವಿಶೇಷವನ್ನು ನಮ್ಮ ತಾರ್ಕಿಕರು ಗಮನಿಸಿದಂತೆ ಕಾಣೆನು.

ಫೆಡರಲ್ ರಿಸರ್ವು ೨೦೦೬ನೆಯ ಜೂನಿನ ವೇಳೆಗೆ ದರವನ್ನು ಶೇಕಡಾ ೫.೨೫ಕ್ಕೆ ಏರಿಸಿತು. ಅದೇ ವರ್ಷ ಮನೆಬೆಲೆಯು ತುತ್ತತುದಿಯನ್ನು ಮುಟ್ಟಿ ಇಳಿಯತೊಡಗಿತು. ಇಳಿಕೆಯು ನಿಲ್ಲುವಷ್ಟರಲ್ಲಿ ದೇಶದ ಸರಾಸರಿಯು ಕಾಲುಭಾಗಕ್ಕಿಂತ ಹೆಚ್ಚಾಗಿ ಕುಸಿದಿದ್ದಿತು. ಮುಂದಿನ ಘಟನೆಗಳು ಎಲ್ಲರಿಗೂ ತಿಳಿದುವೇ ಆದುದರಿಂದ ಬೇಗನೆ ದಾಟುವೆನು. ೨೦೦೭ನೆಯ ಆಗಸ್ಟು ೯ರಂದು ಫ್ರಾನ್ಸಿನ ಬಿ. ಎನ್. ಪಿ. ಪಾರಿಬಾ ಬ್ಯಾಂಕು ತನ್ನ ಮೂರು ನಿಧಿಗಳ ಬಾಗಿಲನ್ನು ಮುಚ್ಚಿತು. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಠೇವಣಿದಾರರು ಸಾಲುನಿಂತರು. ೨೦೦೮ನೆಯ ಮಾರ್ಚಿಯಲ್ಲಿ ಬೇರ್ ಸ್ಟರ್ನ್ಸ್ ಮಾರಾಟವಾಯಿತು. ಸೆಪ್ಟೆಂಬರು ೧೫ರಂದು, ೧೮೫೦ರಿಂದ ನಡೆದುಬಂದಿದ್ದ ಲೇಮನ್ ಬ್ರದರ್ಸ್ ದಿವಾಳಿಯ ಅರ್ಜಿಯನ್ನು ಕೊಟ್ಟಿತು. ಅದರ ಸಾಲವು ೬೦ ಸಾವಿರ ಕೋಟಿ ಡಾಲರುಗಳನ್ನು ಮೀರಿದ್ದಿತು. ಮರುದಿನದಿಂದ ಬ್ಯಾಂಕು ಬ್ಯಾಂಕನ್ನು ನಂಬದಾಯಿತು. ಕೆಟ್ಟ ಪತ್ರವು ಯಾರ ಪೆಟ್ಟಿಗೆಯಲ್ಲಿದೆಯೆಂದು ತಿಳಿಯದುದರಿಂದ ಎಲ್ಲರ ಪೆಟ್ಟಿಗೆಯೂ ಸಂಶಯಾಸ್ಪದವಾಯಿತು. ಶ್ರದ್ಧೆಯೆಂಬುದು ಅಳಿದ ಕ್ಷಣವು ಇದೇ. ಐಸ್‌ಲೆಂಡಿನ ಮೂರು ದೊಡ್ಡ ಬ್ಯಾಂಕುಗಳು ಅಕ್ಟೋಬರಿನಲ್ಲಿ ಒಂದೇ ವಾರದೊಳಗೆ ಮುರಿದುಬಿದ್ದುವು. ಅಮೆರಿಕಾದ ಶಾಸನಸಭೆಯು ೭೦ ಸಾವಿರ ಕೋಟಿ ಡಾಲರುಗಳ ನೆರವಿನ ಮಸೂದೆಯನ್ನು ಮೊದಲು ತಳ್ಳಿಹಾಕಿ, ನಾಲ್ಕು ದಿನಗಳ ಮೇಲೆ ಅಂಗೀಕರಿಸಿತು. ನವೆಂಬರಿನಲ್ಲಿ ಇಂಗ್ಲೆಂಡಿನ ರಾಣಿಯು ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯಕ್ಕೆ ಹೋಗಿ, ಇದನ್ನು ಯಾರೂ ಮೊದಲೇ ಏಕೆ ಕಾಣಲಿಲ್ಲವೆಂದು ಕೇಳಿದಳು. ವಿದ್ವಾಂಸರು ಉತ್ತರವನ್ನು ಬರೆದುಕೊಡಲು ಮರುವರ್ಷದ ಜುಲೈವರೆಗೆ ಕಾಲ ಹಿಡಿಯಿತು. ಕಂಡವರು ಇರಲೇ ಇಲ್ಲವೆಂದಲ್ಲ. ಮುಂದೆ ನಮ್ಮ ರಿಸರ್ವ್ ಬ್ಯಾಂಕಿನ ಗವರ್ನರಾದ ರಘುರಾಮ ರಾಜನ್ ಅವರು ೨೦೦೫ರಲ್ಲಿಯೇ ಅಮೆರಿಕಾದ ವಿದ್ವತ್ಸಭೆಯೊಂದರಲ್ಲಿ ಈ ಅಪಾಯವನ್ನು ಸೂಚಿಸಿ, ಸಭಿಕರ ಆಕ್ಷೇಪಕ್ಕೆ ಗುರಿಯಾಗಿದ್ದರು.

ಸಂಕಟದ ತರುವಾಯ ಎಲ್ಲರ ಬಾಯಲ್ಲಿಯೂ ಇದ್ದ ಪ್ರಶ್ನೆಯು ಮುಂದೇನೆಂಬುದು. ಗೌತಮನು ಅನುಮಾನವನ್ನು ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟವೆಂದು ಮೂರಾಗಿ ಹೇಳಿರುವನು. ಮೋಡವನ್ನು ಕಂಡು ಮಳೆ ಬರುವುದೆನ್ನುವುದು ಮೊದಲನೆಯದು. ಹೊಳೆಯ ಕೆಂಪುನೀರನ್ನು ಕಂಡು ಮೇಲೆ ಮಳೆಯಾಗಿದೆಯೆನ್ನುವುದು ಎರಡನೆಯದು. ಶೇಷವತ್ತಿಗೆ ಒಳ್ಳೆಯ ಉದಾಹರಣೆಯು ಬಾಲ್ಟಿಕ್ ಸೂಚ್ಯಂಕ. ಅದಿರು, ಕಲ್ಲಿದ್ದಲು, ಧಾನ್ಯಗಳನ್ನು ಸಾಗಿಸುವ ಹಡಗುಗಳ ಬಾಡಿಗೆಯನ್ನು ಅದು ಸೂಚಿಸುತ್ತದೆ. ೨೦೦೮ನೆಯ ಮೇ ೨೦ರಂದು ೧೧,೭೯೩ ಇದ್ದ ಆ ಅಂಕೆಯು ಡಿಸೆಂಬರು ೫ರಂದು ೬೬೩ಕ್ಕೆ ಇಳಿದಿತ್ತು. ಹಡಗುಗಳು ಬರಿದೇ ನಿಂತಿವೆಯೆಂದರೆ ಮೇಲ್ಗಡೆ ವ್ಯಾಪಾರದ ಮಳೆಯೇ ನಿಂತಿತೆಂದರ್ಥ. ನಮ್ಮ ಬಳ್ಳಾರಿ ಹೊಸಪೇಟೆಗಳ ಕಬ್ಬಿಣದ ಅದಿರು ಚೀನಾಕ್ಕೆ ಹೋಗುತ್ತಿದ್ದುದೂ ಇಂಥ ಹಡಗುಗಳಲ್ಲಿಯೇ. ಅಲ್ಲಿನ ಬೇಡಿಕೆಯು ಆ ಚಳಿಗಾಲದಲ್ಲಿ ಬಿದ್ದು, ಚೀನಾ ಸರ್ಕಾರವು ನವೆಂಬರಿನಲ್ಲಿ ಸಾರಿದ ೪ ಲಕ್ಷ ಕೋಟಿ ಯುವಾನುಗಳ ಕಾಮಗಾರಿಗಳು ಮೊದಲಾದ ಮೇಲೆ ಮತ್ತೆ ಎದ್ದಿತು.

ಪೂರ್ವವತ್ತಿನ ಗತಿಯು ಅಷ್ಟು ಚೆನ್ನಾಗಿಲ್ಲ. ಅಂತಾರಾಷ್ಟ್ರೀಯ ಹಣಕಾಸು ನಿಧಿಯು ೨೦೦೭ನೆಯ ಜುಲೈ ತಿಂಗಳಲ್ಲಿ, ಬಿರುಗಾಳಿಗೆ ಕೆಲವೇ ದಿನಗಳು ಉಳಿದಿದ್ದಾಗ, ಲೋಕದ ಉತ್ಪನ್ನವು ಆ ವರ್ಷವೂ ಮುಂದಿನ ವರ್ಷವೂ ಶೇಕಡಾ ೫.೨ರಂತೆ ಬೆಳೆಯುವುದೆಂದು ಹೇಳಿತು. ೨೦೦೯ನೆಯ ಏಪ್ರಿಲಿನಲ್ಲಿ, ಗಾಳಿಯು ಇಳಿಯುತ್ತಿದ್ದಾಗ, ಆ ವರ್ಷ ೧.೩ರಷ್ಟು ಕುಗ್ಗುವುದೆಂದೂ ೨೦೧೦ರಲ್ಲಿ ಬರಿಯ ೧.೯ರಷ್ಟು ಬೆಳೆಯುವುದೆಂದೂ ಹೇಳಿತು. ೨೦೧೦ರಲ್ಲಿ ನಿಜವಾಗಿ ಆದ ಬೆಳವಣಿಗೆಯು ಶೇಕಡಾ ೫ನ್ನು ಮೀರಿತು. ಬಿಸಿಲಿನಲ್ಲಿ ಬಿಸಿಲನ್ನೂ ಮಳೆಯಲ್ಲಿ ಮಳೆಯನ್ನೂ ಹೇಳುವುದು ಭವಿಷ್ಯಜ್ಞರಿಗೆ ಸಹಜವಾಗಿ ಬರುತ್ತದೆ. ಇದನ್ನು ಅಪಹಾಸ್ಯಕ್ಕಾಗಿ ಬರೆದುದಲ್ಲ. ಆ ಸಂಸ್ಥೆಯ ಪಂಡಿತರ ಪರಿಶ್ರಮವು ಗೌರವಾರ್ಹವಾದುದು. ಮೋಡವು ಮಳೆಯನ್ನು ನಿರೀಕ್ಷಿಸುವವರ ಮಾತನ್ನು ಕೇಳಿ ತನ್ನ ದಾರಿಯನ್ನು ಬದಲಿಸುವುದಿಲ್ಲ. ರಾಜ್ಯಗಳೂ ವರ್ತಕರೂ ಬದಲಿಸುತ್ತಾರೆ. ಕುಗ್ಗುವುದೆಂಬ ಭಯದಿಂದಲೇ ಲಂಡನ್ನಿನಲ್ಲಿ ಇಪ್ಪತ್ತು ರಾಷ್ಟ್ರಗಳ ಕೂಟದವರು ಆ ಏಪ್ರಿಲಿನಲ್ಲಿ ೧ ಲಕ್ಷ ಕೋಟಿ ಡಾಲರುಗಳಿಗೂ ಮಿಗಿಲಾದ ನೆರವನ್ನು ಒಪ್ಪಿದರು. ಭವಿಷ್ಯವು ಸುಳ್ಳಾದುದಕ್ಕೆ ಆ ಭವಿಷ್ಯವನ್ನು ಹೇಳಿದುದೂ ಒಂದು ಕಾರಣವಾಯಿತೆನ್ನಬೇಕು.

ಭಾರತದಲ್ಲಿ ಬ್ಯಾಂಕುಗಳು ಮುರಿಯಲಿಲ್ಲ. ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದ ವೈ. ವಿ. ರೆಡ್ಡಿಯವರು ಮನೆಸಾಲಕ್ಕೂ ವಾಣಿಜ್ಯ ಕಟ್ಟಡಗಳ ಸಾಲಕ್ಕೂ ಬ್ಯಾಂಕುಗಳು ಹೆಚ್ಚು ಬಂಡವಾಳವನ್ನು ತೆಗೆದಿಡುವಂತೆ ಮುಂಚೆಯೇ ಕಟ್ಟುಮಾಡಿದ್ದರು. ಆಗ ಅನೇಕರು ಅದನ್ನು ಹಳೆಯ ಕಾಲದ ಅತಿಜಾಗರೂಕತೆಯೆಂದರು. ಅವರು ೨೦೦೮ನೆಯ ಸೆಪ್ಟೆಂಬರಿನ ಮೊದಲ ವಾರದಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟ ಹತ್ತು ದಿನಗಳಲ್ಲಿ ಲೇಮನ್ ಸಂಸ್ಥೆಯು ಬಿದ್ದಿತು. ಅವರ ತರುವಾಯ ಬಂದ ಡಿ. ಸುಬ್ಬರಾವ್ ಅವರು ರೆಪೊ ದರವನ್ನು ಶೇಕಡಾ ೯ರಿಂದ ೨೦೦೯ನೆಯ ಏಪ್ರಿಲಿನೊಳಗೆ ೪.೭೫ಕ್ಕೆ ಇಳಿಸಿದರು. ಆದರೂ ಪೆಟ್ಟು ತಪ್ಪಲಿಲ್ಲ. ವಿದೇಶದ ಹಣ ಹಿಂದಕ್ಕೆ ಹರಿದು, ೨೦೦೮ರ ಆದಿಯಲ್ಲಿ ಡಾಲರಿಗೆ ೪೦ರ ಒಳಗಿದ್ದ ರೂಪಾಯಿಯು ವರ್ಷಾಂತ್ಯದೊಳಗೆ ೫೦ನ್ನು ದಾಟಿತು. ಜನವರಿಯಲ್ಲಿ ೨೧ ಸಾವಿರವನ್ನು ಮುಟ್ಟಿದ್ದ ಮುಂಬಯಿಯ ಷೇರುಸೂಚ್ಯಂಕವು ಅಕ್ಟೋಬರಿನಲ್ಲಿ ಒಂದು ದಿನ ೮ ಸಾವಿರಕ್ಕೂ ಕೆಳಗಿಳಿಯಿತು. ಶೇಕಡಾ ೯ನ್ನು ಮೀರಿದ್ದ ದೇಶದ ಬೆಳವಣಿಗೆಯು, ಆ ಕಾಲದ ಗಣನೆಯಂತೆ, ೨೦೦೮-೦೯ರಲ್ಲಿ ೬.೭ಕ್ಕೆ ಇಳಿಯಿತು. ಅಮೆರಿಕಾದ ಬ್ಯಾಂಕುಗಳನ್ನೇ ಗಿರಾಕಿಗಳಾಗಿ ಉಳ್ಳ ಬೆಂಗಳೂರಿನ ಗಣಕಯಂತ್ರದ ಸಂಸ್ಥೆಗಳಲ್ಲಿ ಹೊಸ ನೇಮಕವು ಕುಗ್ಗಿತು. ೨೦೦೯ನೆಯ ನವೆಂಬರಿನಲ್ಲಿ ದುಬಾಯಿಯ ಸರ್ಕಾರೀ ಸಂಸ್ಥೆಯೊಂದು ಸಾಲ ತೀರಿಸಲು ಗಡುವನ್ನು ಕೇಳಿದಾಗ, ಕಟ್ಟಡದ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ನಮ್ಮ ಕರಾವಳಿಯ ಮನೆಗಳಲ್ಲಿ ಆತಂಕ ತುಂಬಿತು.

ನಮ್ಮ ಪಾಠಶಾಲೆಯ ನಿಧಿಗೆ ಈಗ ಬರುವೆನು. ೨೦೦೯ನೆಯ ಮಾರ್ಚಿಯಲ್ಲಿ ಸಮಿತಿಯು ಸೇರಿದಾಗ ೬ ಲಕ್ಷವು ಎರಡೂವರೆ ಲಕ್ಷಕ್ಕೆ ಇಳಿದಿತ್ತು. ಆ ವಾರವೇ ವಿಶ್ವಬ್ಯಾಂಕು, ಎರಡನೆಯ ಮಹಾಯುದ್ಧದಿಂದೀಚೆಗೆ ಮೊದಲ ಬಾರಿಗೆ ಲೋಕದ ಉತ್ಪನ್ನವು ಕುಗ್ಗಲಿದೆಯೆಂದು ಸಾರಿತ್ತು. ಆ ಇಂಗ್ಲಿಷ್ ವರದಿಯನ್ನು ಸಮಿತಿಯವರಿಗೆ ಕನ್ನಡದಲ್ಲಿ ಓದಿಹೇಳಿದವನು ನಾನು. ಉಳಿದುದನ್ನಾದರೂ ಉಳಿಸಿಕೊಳ್ಳೋಣವೆಂದು ಎಲ್ಲವನ್ನೂ ಮಾರಿ ಬ್ಯಾಂಕಿನಲ್ಲಿಟ್ಟೆವು. ವಿಶ್ವಬ್ಯಾಂಕಿನ ಮಾತು ನಿಜವಾಯಿತು; ೨೦೦೯ರಲ್ಲಿ ಲೋಕದ ಉತ್ಪನ್ನವು ಕುಗ್ಗಿತು. ಅಮೆರಿಕಾದಲ್ಲಿ ನಿರುದ್ಯೋಗವು ಅಕ್ಟೋಬರಿನವರೆಗೂ ಏರಿ ಶೇಕಡಾ ೧೦ನ್ನು ಮುಟ್ಟಿತು. ಷೇರುಗಳು ಮಾತ್ರ ಮಾರ್ಚಿ ೯ರಿಂದಲೇ ಅಲ್ಲಿಯೂ ಇಲ್ಲಿಯೂ ಮೇಲಕ್ಕೆ ಹೊರಟಿದ್ದುವು. ಮೇ ೧೮ರಂದು, ಲೋಕಸಭೆಯ ಚುನಾವಣೆಯ ಫಲಿತಾಂಶದ ತರುವಾಯದ ಸೋಮವಾರ, ಮುಂಬಯಿಯ ಸೂಚ್ಯಂಕವು ಒಂದೇ ದಿನದಲ್ಲಿ ೨ ಸಾವಿರ ಅಂಶಗಳಿಗೂ ಮೇಲೆ ಏರಿ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ೨೦೧೦ನೆಯ ನವೆಂಬರಿನಲ್ಲಿ ಅದು ಮತ್ತೆ ೨೧ ಸಾವಿರವನ್ನು ಮುಟ್ಟಿತು.

ಪ್ರಮಾಣವು ನಿಜ, ನಿಗಮನವು ಸುಳ್ಳು, ಇದು ಹೇಗೆ? ಬಹುಕಾಲ ನನಗೆ ಇದು ಬಿಡಿಸಲಾಗದ ಗಂಟಾಗಿದ್ದಿತು. ತಾರ್ಕಿಕರು ಸಿದ್ಧಸಾಧನವೆಂಬ ದೋಷವನ್ನು ಹೇಳುವರು: ಆಗಲೇ ಸಿದ್ಧವಾಗಿರುವುದನ್ನು ಸಾಧಿಸಹೊರಡುವುದು. ಷೇರಿನ ಬೆಲೆಯೆಂಬುದು ಇಂದಿನ ಸ್ಥಿತಿಯ ವರ್ಣನೆಯಲ್ಲ. ಮುಂದೆ ಬರುವ ಲಾಭದ ವಿಷಯವಾಗಿ ಸಾವಿರಾರು ಜನರು ಮಾಡಿದ ಅನುಮಾನವೇ ಬೆಲೆಯಾಗಿ ಗಟ್ಟಿಗೊಂಡಿರುತ್ತದೆ. ಲೋಕವು ಕುಗ್ಗುವುದೆಂಬುದು ಅವರೆಲ್ಲರಿಗೂ ತಿಳಿದು, ಬೆಲೆಯು ಅದಕ್ಕೆ ತಕ್ಕಂತೆ, ಬಹುಶಃ ಅದಕ್ಕಿಂತಲೂ ಹೆಚ್ಚಾಗಿ, ಮೊದಲೇ ಇಳಿದಿದ್ದಿತು. ನಾನು ಓದಿಹೇಳಿದ ವರದಿಯು ಆರ್ಥಿಕಸ್ಥಿತಿಯ ವಿಷಯದಲ್ಲಿ ಪ್ರಮಾಣವೇ ಆಗಿದ್ದಿತು; ಬೆಲೆಯ ವಿಷಯದಲ್ಲಿ ಅದು ಏನನ್ನೂ ಹೊಸದಾಗಿ ಸಾಧಿಸಲಿಲ್ಲ. ಆರ್ಥಿಕ ಭವಿಷ್ಯವೆಂಬುದೂ ಮಾರುಕಟ್ಟೆಯ ಭವಿಷ್ಯವೆಂಬುದೂ ಬೇರೆಬೇರೆ ಪಕ್ಷಗಳೆಂಬುದನ್ನು ಪತ್ರಿಕೆಗಳು ಇಂದಿಗೂ ಒಂದೇ ಶೀರ್ಷಿಕೆಯಲ್ಲಿ ಸೇರಿಸಿ ಬರೆಯುತ್ತವೆ.

ಸಂಕಟದ ನಂತರದ ಔಷಧವೂ ತನ್ನದೇ ಆದ ವಿಕಾರವನ್ನು ತಂದಿತು. ಫೆಡರಲ್ ರಿಸರ್ವು ದರವನ್ನು ೨೦೦೮ನೆಯ ಡಿಸೆಂಬರಿನಿಂದ ಏಳು ವರ್ಷ ಸೊನ್ನೆಯ ಸಮೀಪದಲ್ಲಿಟ್ಟು, ಪತ್ರಗಳನ್ನು ತಾನೇ ಕೊಳ್ಳುತ್ತ ಹೋಯಿತು. ಅಗ್ಗದ ಆ ಹಣ ನಮ್ಮಂಥ ದೇಶಗಳಿಗೂ ಹರಿದುಬಂದಿತು. ಕೊಳ್ಳುವುದನ್ನು ಕಡಮೆ ಮಾಡುವೆವೆಂದು ೨೦೧೩ನೆಯ ಮೇ ತಿಂಗಳಲ್ಲಿ ಸೂಚಿಸಿದ ಮಾತ್ರಕ್ಕೆ ಹಣವು ಹಿಂದಿರುಗಿ, ಆಗಸ್ಟಿನಲ್ಲಿ ರೂಪಾಯಿಯು ಡಾಲರಿಗೆ ೬೮ರ ಆಚೆಗೆ ಜಾರಿತು. ಯೂರೋಪಿನಲ್ಲಿ ಬ್ಯಾಂಕುಗಳ ರೋಗವು ರಾಜ್ಯಗಳಿಗೆ ಅಂಟಿತು. ಗ್ರೀಸಿಗೆ ೨೦೧೦ರಲ್ಲಿ ೧೧ ಸಾವಿರ ಕೋಟಿ ಯೂರೋಗಳ ಸಾಲವನ್ನು ಕೊಟ್ಟರೂ ಸಾಲದೆ, ೨೦೧೨ರಲ್ಲ�� ಅದರ ಪತ್ರಗಳನ್ನು ಹಿಡಿದಿದ್ದ ಖಾಸಗಿಯವರು ಮುಖಬೆಲೆಯ ಅರ್ಧಕ್ಕಿಂತ ಹೆಚ್ಚನ್ನು ಬಿಡಬೇಕಾಯಿತು. ನಮ್ಮಲ್ಲಿ ಆ ಕಾಲದ ಉತ್ಸಾಹದಿಂದ ರಸ್ತೆ, ವಿದ್ಯುತ್ತು, ಉಕ್ಕುಗಳಿಗೆ ಕೊಟ್ಟ ಸಾಲಗಳು ನಿಧಾನವಾಗಿ ಕೆಟ್ಟು, ೨೦೧೮ನೆಯ ಮಾರ್ಚಿಯ ಹೊತ್ತಿಗೆ ಬ್ಯಾಂಕುಗಳ ಕೆಟ್ಟ ಸಾಲವು ಶೇಕಡಾ ೧೧ನ್ನು ಮೀರಿತು. ೨೦೦೯ರಲ್ಲಿ ನಮ್ಮ ಬ್ಯಾಂಕುಗಳು ಸುರಕ್ಷಿತವೆಂದು ಹೊಗಳಿದವರು ಈ ಒಂಬತ್ತು ವರ್ಷಗಳ ಲೆಕ್ಕವನ್ನೂ ಜತೆಗೆ ನೋಡತಕ್ಕದ್ದು.

ಆಧಿಯ ವಿಷಯದಲ್ಲಿ ಒಂದು ಸಂಗತಿಯನ್ನು ಬಿಟ್ಟಿದ್ದೆನು. ೧೯೯೧ನೆಯ ಜುಲೈ ತಿಂಗಳಲ್ಲಿ ಭಾರತವು ತೆರಬೇಕಾದ ವಿದೇಶೀ ಹಣವಿಲ್ಲದೆ ೪೭ ಟನ್ನುಗಳಷ್ಟು ಚಿನ್ನವನ್ನು ಇಂಗ್ಲೆಂಡು, ಜಪಾನುಗಳ ಬ್ಯಾಂಕುಗಳಲ್ಲಿ ಅಡವಿಟ್ಟಿತು. ಅಂದು ಅದನ್ನು ಓದಿ ನಮ್ಮ ಗುರುಗಳೊಬ್ಬರು ಊಟ ಬಿಟ್ಟುದು ನನಗೆ ನೆನಪಿದೆ. ಮನೆಯ ಹೆಂಗಸರ ಒಡವೆಯನ್ನು ಶೆಟ್ಟಿಯ ಅಂಗಡಿಗೆ ಕಳುಹಿಸಿದಂತೆ ಅವರಿಗೆ ತೋರಿತು. ೨೦೦೯ನೆಯ ನವೆಂಬರಿನಲ್ಲಿ, ಅಮೆರಿಕಾ ಯೂರೋಪುಗಳು ಇನ್ನೂ ಏಳದೆ ಇದ್ದಾಗ, ನಮ್ಮ ರಿಸರ್ವ್ ಬ್ಯಾಂಕು ಹಣಕಾಸು ನಿಧಿಯಿಂದ ೨೦೦ ಟನ್ನು ಚಿನ್ನವನ್ನು ೬೭೦ ಕೋಟಿ ಡಾಲರುಗಳನ್ನು ಕೊಟ್ಟು ಕೊಂಡಿತು. ಆ ವೇಳೆಗೆ ಗುರುಗಳು ಇರಲಿಲ್ಲ.

ಪಾಠಶಾಲೆಯ ನಿಧಿಯಲ್ಲಿ ಐದೂವರೆ ಲಕ್ಷ ಉಳಿಯಿತು. ಆರು ವೇತನಗಳು ಮೂರಾದುವು. ಬಿಟ್ಟುಹೋದ ಮೂವರಲ್ಲಿ ಒಬ್ಬನು ತರ್ಕಸಂಗ್ರಹದಲ್ಲಿ ಅನುಮಾನಖಂಡವನ್ನು ಆಗತಾನೇ ಮೊದಲುಮಾಡಿದ್ದನು. ಉಪಾಧಿಯ ಪಾಠಕ್ಕೆ ಬಂದಿರಲಿಲ್ಲ.